ಬಣ್ಣವನ್ನು ಕೇಳಿ ಪಡೆ, ಎಣಿಸಿ ಮರಳಿಸು

ಪರದೆಯ ಮೇಲೊಂದು ಗುಂಡಿ ಕೆಂಪಾಗಬೇಕಾದರೆ ನೀನು ಈಗ ಮಾಡುವುದು ಇಷ್ಟೇ: ಕೆಂಪು 255, ಹಸಿರು 0, ನೀಲಿ 0 ಎಂದು ಬರೆಯುತ್ತೀಯ, ಗುಂಡಿ ಕೆಂಪಾಗುತ್ತದೆ. ಯಾರನ್ನೂ ಕೇಳಬೇಕಿಲ್ಲ, ಯಾರಿಗೂ ಏನನ್ನೂ ಹಿಂದಿರುಗಿಸಬೇಕಿಲ್ಲ. ಬಣ್ಣವೆಂದರೆ ಮೂರು ಅಂಕಿ ಎಂಬ ನಂಬಿಕೆ ನಿನ್ನಲ್ಲಿ ಬೇರೂರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಇವತ್ತಲ್ಲ ನಾಳೆ ನಿನ್ನ ಕೈಗೊಂದು ಹಳೆಯ ಕೋಡ್ ಬರುತ್ತದೆ. ಯಾವುದೋ ಪ್ರಯೋಗಾಲಯದ ಉಪಕರಣದ್ದಿರಬಹುದು, ಕಾರ್ಖಾನೆಯ ನಿಯಂತ್ರಣ ಫಲಕದ್ದಿರಬಹುದು. ಕಿಟಕಿ, ಗುಂಡಿಗಳನ್ನು ಕಟ್ಟುವ ಜಿಟಿಕೆ ಎಂಬ ಲೈಬ್ರರಿಯ 2ನೆಯ ಆವೃತ್ತಿಯಲ್ಲಿ ಬರೆದಿರುತ್ತಾರೆ, ಜಿಟಿಕೆ 4ಕ್ಕೆ ತಾ ಎನ್ನುತ್ತಾರೆ. ತೆರೆದು ನೋಡಿದರೆ ಒಂದೊಂದು ಬಣ್ಣಕ್ಕೂ ನಾಲ್ಕೈದು ಸಾಲು: ಕೇಳುವುದೊಂದು, ಸಿಕ್ಕಿತೇ ಎಂದು ಪರೀಕ್ಷಿಸುವುದೊಂದು, ಕೊನೆಗೆ ಬಿಡುಗಡೆ ಮಾಡುವುದೊಂದು. ಆ ಸಾಲುಗಳು ಏಕಿವೆ ಎಂದು ತಿಳಿಯದೆ ಅಳಿಸಿಹಾಕುವವರನ್ನು ನೋಡಿದ್ದೇನೆ. ಏಕಿವೆ ಎಂದು ತಿಳಿಯದೆ ಹಾಗೆಯೇ ನಕಲಿಸುವವರನ್ನೂ ನೋಡಿದ್ದೇನೆ. ನೀನು ಎರಡನ್ನೂ ಮಾಡಬಾರದೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಂತ್ರದ ಸಂಗತಿ. ಜಿಟಿಕೆಯ ಕೆಳಗೆ ನಿಂತು ಪರದೆಯ ಕಿಟಕಿಗಳನ್ನು ನೋಡಿಕೊಳ್ಳುತ್ತಿದ್ದ ಎಕ್ಸ್ ವಿಂಡೋ ವ್ಯವಸ್ಥೆ 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿತು. ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಅದನ್ನು ಕಟ್ಟಿದರು. ಇಂದಿಗೂ ಲಿನಕ್ಸ್ ಯಂತ್ರಗಳಲ್ಲಿ ಉಸಿರಾಡುತ್ತಿರುವ ಅದರ 11ನೆಯ ಆವೃತ್ತಿ ಹೊರಬಂದದ್ದು 1987ರ ಸೆಪ್ಟೆಂಬರಿನಲ್ಲಿ. ಆ ಕಾಲದ ವರ್ಕ್‌ಸ್ಟೇಷನ್ ಪರದೆಯ ಅಳತೆ ಸಾಮಾನ್ಯವಾಗಿ 1152ಕ್ಕೆ 900. ಗುಣಿಸಿ ನೋಡು, 10,36,800 ಚುಕ್ಕೆಗಳು. ಚುಕ್ಕೆಗೊಂದು ಬೈಟ್ ಕೊಟ್ಟರೆ ಸುಮಾರು ಒಂದು ಮೆಗಾಬೈಟ್ ಮೆಮೊರಿ ಬೇಕು, ಮೂರು ಬೈಟ್ ಕೊಟ್ಟರೆ ಮೂರು ಮೆಗಾಬೈಟ್. ಪರದೆಗೆಂದೇ ಮೀಸಲಾದ ಮೆಮೊರಿ ಆಗ ತುಂಬ ದುಬಾರಿ, ಆದ್ದರಿಂದ ಹೆಚ್ಚಿನ ಯಂತ್ರಗಳು ಚುಕ್ಕೆಗೊಂದೇ ಬೈಟಿನಲ್ಲಿ ಸಂಸಾರ ನಡೆಸಿದವು. ಒಂದು ಬೈಟಿಗೆ 256 ಬೆಲೆಗಳು ಮಾತ್ರ. ಅದೇ 1987ರಲ್ಲಿ ಬಂದ ಐಬಿಎಂನ ವಿಜಿಎ ಕೂಡ ಇದೇ ದಾರಿ ಹಿಡಿಯಿತು: 2,62,144 ಬಣ್ಣಗಳ ರಾಶಿ ಇದ್ದರೂ ಒಮ್ಮೆಗೆ ಪರದೆಯ ಮೇಲೆ ಕಾಣಿಸಬಹುದಾದದ್ದು 256 ಬಣ್ಣಗಳು.

ಇಲ್ಲಿ ಒಂದು ಸೂಕ್ಷ್ಮವಿದೆ, ಮುಂದಿನದೆಲ್ಲ ನಿಂತಿರುವುದು ಇದರ ಮೇಲೆಯೇ. ಆ ಬೈಟ್ ಬಣ್ಣವಲ್ಲ. ಅದು ಒಂದು ಕೋಷ್ಟಕದ ಮನೆಯ ಸಂಖ್ಯೆ. ಕೋಷ್ಟಕಕ್ಕೆ ಕಲರ್‌ಮ್ಯಾಪ್ ಎಂದು ಹೆಸರು. ಚುಕ್ಕೆಯಲ್ಲಿ 37 ಎಂದಿದ್ದರೆ ಯಂತ್ರ 37ನೆಯ ಮನೆಗೆ ಹೋಗಿ, ಅಲ್ಲಿ ಬರೆದಿರುವ ಕೆಂಪು ಹಸಿರು ನೀಲಿಯ ಪ್ರಮಾಣ ನೋಡಿ, ಆ ಬೆಳಕನ್ನು ಪರದೆಗೆ ಕಳಿಸುತ್ತದೆ. ಮನೆಯೊಳಗಿನ ಅಂಕಿ ಬದಲಾದರೆ ಪರದೆಯ ಮೇಲೆ 37 ಇರುವ ಪ್ರತಿ ಚುಕ್ಕೆಯೂ ಅದೇ ಕ್ಷಣ ಬದಲಾಗುತ್ತದೆ. ಬಹುಪಾಲು ಯಂತ್ರಗಳಲ್ಲಿ ಇಡೀ ಪರದೆಗೆ ಇಂಥ ಕೋಷ್ಟಕ ಒಂದೇ. ಗಡಿಯಾರ, ಟರ್ಮಿನಲ್, ಬರೆಯುವ ಎಡಿಟರ್, ಕಿಟಕಿಗಳ ಚೌಕಟ್ಟು, ನಿನ್ನ ಪ್ರೋಗ್ರಾಮ್, ಎಲ್ಲರೂ ಆ 256 ಮನೆಗಳಲ್ಲೇ ಬದುಕಬೇಕು.

ಹಳ್ಳಿಯಲ್ಲಿ ಮದುವೆಗೆ ದೇವಸ್ಥಾನದ ಉಗ್ರಾಣದಿಂದ ದೊಡ್ಡ ಪಾತ್ರೆಗಳನ್ನು ತರುವ ಕ್ರಮ ನಿನ್ನ ಅಜ್ಜಿಗೆ ಗೊತ್ತಿರುತ್ತದೆ. ಹೋಗಿ ಕೇಳಬೇಕು, ಇದ್ದದ್ದನ್ನು ಎಣಿಸಿ ಕೊಡುತ್ತಾರೆ, ಕೇಳಿದ ಅಳತೆಯದು ಇಲ್ಲದಿದ್ದರೆ ಹತ್ತಿರದ್ದು ಕೊಡುತ್ತಾರೆ, ಕೆಲಸ ಮುಗಿದ ಮೇಲೆ ಎಣಿಸಿ ತಿರುಗಿ ಒಪ್ಪಿಸಬೇಕು. ಎಕ್ಸ್ ವ್ಯವಸ್ಥೆ ಬಣ್ಣಕ್ಕೆ ಕಟ್ಟಿಕೊಟ್ಟ ನಿಯಮ ಬಹುಮಟ್ಟಿಗೆ ಇದೇ.

ನೀನು ಎಕ್ಸ್‌ಅಲಾಕ್‌ಕಲರ್ ಎಂಬ ಫಂಕ್ಷನ್ ಕರೆದು, ಮೂರು ಪ್ರಮಾಣಗಳನ್ನು 0ಯಿಂದ 65,535ರವರೆಗಿನ ಅಂಕಿಗಳಲ್ಲಿ ಹೇಳುತ್ತೀಯ. ಪರದೆಯನ್ನು ನಿಭಾಯಿಸುವ ಎಕ್ಸ್ ಸರ್ವರ್ ಮೊದಲು ಅದನ್ನು ತನ್ನ ಯಂತ್ರ ತೋರಿಸಬಲ್ಲ ಅತಿ ಹತ್ತಿರದ ಬೆಲೆಗೆ ಇಳಿಸುತ್ತದೆ. ಆ ಬಣ್ಣವನ್ನು ಬೇರೆ ಯಾರಾದರೂ ಓದಲಷ್ಟೇ ಎಂದು ಪಡೆದಿದ್ದಾರೆಯೇ ಎಂದು ಹುಡುಕುತ್ತದೆ. ಪಡೆದಿದ್ದರೆ ಅದೇ ಮನೆಯ ಸಂಖ್ಯೆಯನ್ನು ನಿನಗೂ ಕೊಟ್ಟು, ಅದನ್ನು ಬಳಸುವವರ ಲೆಕ್ಕಕ್ಕೆ ಒಂದನ್ನು ಸೇರಿಸುತ್ತದೆ. ಇಲ್ಲವಾದರೆ ಖಾಲಿ ಮನೆಯೊಂದರಲ್ಲಿ ಬಣ್ಣ ಬರೆದು ಸಂಖ್ಯೆ ಕೊಡುತ್ತದೆ. ಖಾಲಿ ಮನೆಯೂ ಇಲ್ಲವೆಂದರೆ, ಇಲ್ಲ ಎಂದು ಹೇಳಿಬಿಡುತ್ತದೆ. ಹಂಚಿಕೊಳ್ಳುವ ಈ ಏರ್ಪಾಡಿನಿಂದಲೇ ಹತ್ತಾರು ಪ್ರೋಗ್ರಾಮ್‌ಗಳು 256 ಮನೆಗಳಲ್ಲಿ ನೆಮ್ಮದಿಯಿಂದ ಇರಲು ಸಾಧ್ಯವಾಯಿತು. ಎಲ್ಲರಿಗೂ ಬೇಕಾದ ಕಪ್ಪು, ಬಿಳಿ, ಬೂದು ಒಂದೊಂದೇ ಮನೆ ಹಿಡಿದವು.

ಇಲ್ಲಿ ಕಲಿಯಬೇಕಾದ ಮೊದಲ ಅಭ್ಯಾಸ, ಸಿಕ್ಕಿದ್ದೇನೆಂದು ನೋಡುವುದು. ಸರ್ವರ್ ಮನೆಯ ಸಂಖ್ಯೆಯ ಜೊತೆಗೆ ತಾನು ನಿಜವಾಗಿ ಕೊಟ್ಟ ಬಣ್ಣದ ಪ್ರಮಾಣಗಳನ್ನೂ ಹಿಂದಕ್ಕೆ ಬರೆದು ಕಳಿಸುತ್ತದೆ. ನೀನು ಕೇಳಿದ್ದೊಂದು, ಬಂದದ್ದು ಇನ್ನೊಂದು ಆಗಿರಬಹುದು. ನಕ್ಷೆಯೊಂದರಲ್ಲಿ ಒಂದಕ್ಕೊಂದು ತುಂಬ ಹತ್ತಿರದ ಎರಡು ಹಸಿರು ಕೇಳಿ, ಎರಡಕ್ಕೂ ಒಂದೇ ಮನೆ ಸಿಕ್ಕಿದರೆ, ಕಾಡು ಯಾವುದು ಗದ್ದೆ ಯಾವುದು ಎಂದು ನೋಡುವವನಿಗೆ ತಿಳಿಯುವುದಿಲ್ಲ. ಪ್ರೋಗ್ರಾಮ್ ಮಾತ್ರ ಒಂದು ದೋಷವನ್ನೂ ವರದಿ ಮಾಡದೆ ಓಡುತ್ತಿರುತ್ತದೆ.

ಜಿಟಿಕೆಯಲ್ಲಿ ಇದೇ ವಿಷಯ ಇನ್ನೊಂದು ವೇಷದಲ್ಲಿ ಬಂತು. ಬರ್ಕ್‌ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ತಮ್ಮ ಚಿತ್ರ ತಿದ್ದುವ ಪ್ರೋಗ್ರಾಮ್ ಗಿಂಪ್‌ಗಾಗಿ ಶುರುಮಾಡಿದ ಲೈಬ್ರರಿ ಅದು. 1998ರಲ್ಲಿ ಅದರ 1.0 ಆವೃತ್ತಿ ಬಂತು. ಅದರ ಕೆಳಪದರವಾದ ಜಿಡಿಕೆಯಲ್ಲಿ ಜಿಡಿಕೆಕಲರ್ ಎಂಬ ರಚನೆಯಿತ್ತು. ಅದರೊಳಗೆ ನಾಲ್ಕು ಅಂಕಿಗಳು: ಕೆಂಪು, ಹಸಿರು, ನೀಲಿ, ಮತ್ತು ಪಿಕ್ಸೆಲ್. ಕೊನೆಯದೇ ಮನೆಯ ಸಂಖ್ಯೆ. ಬಣ್ಣದ ಹೆಸರು ಕೊಟ್ಟು ಪಾರ್ಸ್ ಮಾಡಿಸಿದರೆ ಮೊದಲ ಮೂರು ತುಂಬುತ್ತವೆ, ಪಿಕ್ಸೆಲ್ ತುಂಬುವುದಿಲ್ಲ. ಅದು ತುಂಬುವುದು ಕಲರ್‌ಮ್ಯಾಪಿನಿಂದ ಬಣ್ಣವನ್ನು ಕೇಳಿ ಪಡೆದಾಗ ಮಾತ್ರ. ಆದರೆ ಗೆರೆ ಎಳೆಯಲು ಮುನ್ನೆಲೆಯ ಬಣ್ಣ ಇಡುವ ಹಳೆಯ ಫಂಕ್ಷನ್ ನೋಡುತ್ತಿದ್ದುದು ಪಿಕ್ಸೆಲನ್ನು ಮಾತ್ರ. ಹೀಗಾಗಿ ಕೆಂಪು ಎಂದು ಬರೆದ ಹೊಸಬನಿಗೆ ಕಪ್ಪು ಗೆರೆ ಕಾಣುತ್ತಿತ್ತು, ಏಕೆಂದರೆ ಪಿಕ್ಸೆಲ್ ಇನ್ನೂ ಸೊನ್ನೆಯಲ್ಲೇ ಇತ್ತು. 8 ಬಿಟ್ ಪರದೆಯಲ್ಲಿ ಸೊನ್ನೆಯ ಮನೆಯಲ್ಲಿ ಯಾರ ಬಣ್ಣವಿತ್ತೋ ಅದು. ಎಷ್ಟು ಹುಡುಗರು ಹುಡುಗಿಯರು ಈ ಕಪ್ಪು ಗೆರೆಯ ಮುಂದೆ ಕೂತು ತಮ್ಮ ಬುದ್ಧಿಯನ್ನೇ ಅನುಮಾನಿಸಿದರೋ. ತಪ್ಪು ಅವರ ಬುದ್ಧಿಯದಲ್ಲ. ಬಣ್ಣವನ್ನು ಹೇಳುವುದು ಒಂದು ಕೆಲಸ, ಪಡೆಯುವುದು ಇನ್ನೊಂದು ಕೆಲಸ ಎಂದು ಅವರಿಗೆ ಯಾರೂ ಕೂರಿಸಿ ಹೇಳಿರಲಿಲ್ಲ, ಅಷ್ಟೇ.

ಪಡೆಯುವ ಫಂಕ್ಷನ್ ಎರಡು ಪ್ರಶ್ನೆ ಕೇಳುತ್ತಿತ್ತು. ಈ ಮನೆಯನ್ನು ನೀನೇ ತಿದ್ದಬೇಕೇ? ಕೇಳಿದ ಬಣ್ಣ ಸಿಗದಿದ್ದರೆ ಹತ್ತಿರದ್ದು ಸಾಕೇ? ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಹೌದು ಎನ್ನುವವನು ಒಳ್ಳೆಯ ನೆರೆಯವನು. ತಿದ್ದುವ ಹಕ್ಕು ಕೇಳಿದ ಕ್ಷಣವೇ ಆ ಮನೆ ನಿನ್ನೊಬ್ಬನದಾಗುತ್ತದೆ, ಬೇರೆಯವರು ಹಂಚಿಕೊಳ್ಳುವಂತಿಲ್ಲ. ಬಣ್ಣದ ಅಂಕಿ ಬದಲಿಸುತ್ತಲೇ ಚಲನೆ ತೋರಿಸುವ ಚಿತ್ರಕ್ಕೋ, ಬೆರಳಿನಡಿ ಬದಲಾಗುವ ಬಣ್ಣದ ಮಾದರಿಗೋ ಅದು ಬೇಕು. ಒಂದು ಗುಂಡಿಯ ಅಂಚಿಗೆ ಬೇಡ.

ಇನ್ನೊಂದು ಮಾತು, ಪುಸ್ತಕಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಬಣ್ಣಗಳನ್ನು ಯಾವ ಕ್ರಮದಲ್ಲಿ ಕೇಳುತ್ತೀಯ ಎಂಬುದು ಮುಖ್ಯ. ಮನೆಗಳು ಮುಗಿಯುವುದು ಯಾವಾಗ ಎಂದು ನಿನಗೆ ಗೊತ್ತಿಲ್ಲ. ಅಲಂಕಾರದ ಇಳಿಬಣ್ಣಗಳಿಗೆ ಮೊದಲು ನಲವತ್ತು ಮನೆ ಹಿಡಿದು, ಕೊನೆಯಲ್ಲಿ ಅಕ್ಷರದ ಬಣ್ಣ ಕೇಳಿದರೆ, ಅಕ್ಷರಕ್ಕೆ ಹಿನ್ನೆಲೆಯ ಬಣ್ಣವೇ ಹತ್ತಿರದ್ದೆಂದು ಸಿಕ್ಕಿ ಓದಲಾಗದ ಪರದೆ ಬರುತ್ತದೆ. ಅಕ್ಷರ ಮತ್ತು ಅದರ ಹಿನ್ನೆಲೆ ಮೊದಲು. ಎಚ್ಚರಿಕೆಯ ಬಣ್ಣ ಆಮೇಲೆ. ನೆರಳು, ಮಿನುಗು ಎಲ್ಲಕ್ಕಿಂತ ಕೊನೆಗೆ. ಸಿಗದಿದ್ದರೆ ಏನು ಮಾಡಬೇಕೆಂಬುದನ್ನೂ ಮೊದಲೇ ನಿರ್ಧರಿಸಿರಬೇಕು, ಕೊನೆಗೆ ಕಪ್ಪು ಬಿಳುಪಿನಲ್ಲಾದರೂ ಕೆಲಸ ನಡೆಯುವಂತೆ.

ಈ ವಿವೇಚನೆ ಇಲ್ಲದಿದ್ದಾಗ ಏನಾಗುತ್ತಿತ್ತು ಎಂಬುದನ್ನು ತೊಂಬತ್ತರ ದಶಕದಲ್ಲಿ ವರ್ಕ್‌ಸ್ಟೇಷನ್ ಮುಂದೆ ಕೂತ ಎಲ್ಲರೂ ಕಂಡಿದ್ದಾರೆ. ಜಾಲತಾಣಗಳ ಚಿತ್ರ ತೋರಿಸಲು ನೆಟ್‌ಸ್ಕೇಪ್ ಬ್ರೌಸರಿಗೆ ಮೂರೂ ಮೂಲಬಣ್ಣಗಳಲ್ಲಿ ಆರಾರು ಹಂತದ ಘನ ಬೇಕಿತ್ತು, ಆರು ಆರಲಿ ಮೂವತ್ತಾರು, ಮೂವತ್ತಾರನ್ನು ಆರರಿಂದ ಗುಣಿಸಿದರೆ 216. ಒಂದೇ ಪ್ರೋಗ್ರಾಮ್ 256ರಲ್ಲಿ ಇಷ್ಟನ್ನು ಹಿಡಿದರೆ ಉಳಿದವರಿಗೆ ಏನು ಉಳಿಯಿತು ನೋಡು. ಅದರ ನಂತರ ತೆರೆದ ಪ್ರೋಗ್ರಾಮ್‌ಗಳಿಗೆ ಬಣ್ಣ ಸಿಗುತ್ತಿರಲಿಲ್ಲ. ಕೆಲವು ದೋಷ ಹೇಳಿ ನಿಲ್ಲುತ್ತಿದ್ದವು, ಕೆಲವು ವಿಚಿತ್ರ ಬಣ್ಣದಲ್ಲಿ ಎದ್ದು ಬರುತ್ತಿದ್ದವು. ಇದಕ್ಕೊಂದು ಪರಿಹಾರ ಪ್ರತ್ಯೇಕ ಕಲರ್‌ಮ್ಯಾಪ್: ನಿನ್ನ ಕಿಟಕಿಗೆ ನಿನ್ನದೇ 256 ಮನೆಗಳ ಕೋಷ್ಟಕ. ನೆಟ್‌ಸ್ಕೇಪಿಗೂ ಹಾಗೆ ಓಡುವ ಆಯ್ಕೆಯಿತ್ತು. ಆದರೆ ಯಂತ್ರದಲ್ಲಿ ಕೋಷ್ಟಕ ಒಂದೇ ಆದ್ದರಿಂದ ಮೌಸ್ ನಿನ್ನ ಕಿಟಕಿಗೆ ಬಂದಾಗ ನಿನ್ನ ಕೋಷ್ಟಕ ಏರುತ್ತದೆ, ಮಿಕ್ಕ ಕಿಟಕಿಗಳೆಲ್ಲ ಹಸಿರು ನೇರಳೆಯಾಗಿ ಕಣ್ಣಿಗೆ ರಾಚುತ್ತವೆ. ಮೌಸ್ ಆಚೆ ಹೋದರೆ ನಿನ್ನ ಕಿಟಕಿ ಹಾಗಾಗುತ್ತದೆ. ಕೆಲಸ ಮಾಡುವವನ ಕಣ್ಣಿಗೆ ಇಡೀ ದಿನ ಇದನ್ನು ಮಾಡುವುದು ಹಿಂಸೆ. ಪ್ರತ್ಯೇಕ ಕೋಷ್ಟಕವನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ತೆಗೆದುಕೊಳ್ಳಬೇಕು, ಆಗಲೂ ಸಾಮಾನ್ಯ ಕೋಷ್ಟಕದ ಮೊದಲ ಕೆಲವು ಮನೆಗಳನ್ನು ಅದೇ ಸಂಖ್ಯೆಯಲ್ಲಿ ನಕಲು ಮಾಡಿಟ್ಟರೆ ಚೌಕಟ್ಟು, ಮೆನುಗಳಾದರೂ ಬಣ್ಣ ಬದಲಿಸದೆ ನಿಲ್ಲುತ್ತವೆ. ಜಿಟಿಕೆ ಕಡೆಯವರು ಇದಕ್ಕಿಂತ ಸೊಗಸಾದ ದಾರಿ ಹುಡುಕಿದರು. ರಾಫ್ ಲೀವಿಯನ್ ಬರೆದ ಜಿಡಿಕೆಆರ್‌ಜಿಬಿ ಎಂಬ ಭಾಗವು ಒಂದು ಸಣ್ಣ ಘನವನ್ನು ಎಲ್ಲರ ಪರವಾಗಿ ಪಡೆದು, ಇಲ್ಲದ ಬಣ್ಣಗಳನ್ನು ಇರುವ ಬಣ್ಣದ ಚುಕ್ಕೆಗಳ ಮಿಶ್ರಣದಿಂದ ತೋರಿಸಿತು. ಲೈಬ್ರರಿ ಬರೆಯುವವರ ಕರ್ತವ್ಯ ಏನೆಂಬುದಕ್ಕೆ ಇದನ್ನು ಮಾದರಿಯಾಗಿ ಇಟ್ಟುಕೊ.

ಈಗ ಮರಳಿಸುವ ವಿಚಾರ. ಎಕ್ಸ್‌ಫ್ರೀಕಲರ್ಸ್ ಎಂಬುದು ಅದಕ್ಕೆ. ನಿಯಮ ನೇರವಾಗಿದೆ: ಒಂದು ಬಣ್ಣವನ್ನು ಎಷ್ಟು ಸಲ ಕೇಳಿ ಪಡೆದೆಯೋ ಅಷ್ಟು ಸಲ ಬಿಡಬೇಕು. ಒಂದೇ ಕೆಂಪನ್ನು ಮೂರು ಕಡೆ ಪಡೆದು ಒಮ್ಮೆ ಬಿಟ್ಟರೆ ಲೆಕ್ಕದಲ್ಲಿ ಎರಡು ಉಳಿಯುತ್ತದೆ, ಮನೆ ಖಾಲಿಯಾಗುವುದಿಲ್ಲ. ಹಾಗೆಯೇ ನೀನು ಪಡೆಯದಿದ್ದುದನ್ನು ಬಿಡಲು ಹೋಗಬಾರದು, ಸರ್ವರ್ ಪ್ರವೇಶ ದೋಷವೆಂದು ಹಿಂದಕ್ಕೆ ಎಸೆಯುತ್ತದೆ, ಸರ್ವರ್ ಜೊತೆ ಮಾತಾಡುವ ಲೈಬ್ರರಿ ಎಕ್ಸ್‌ಲಿಬ್‌ನ ಸಾಮಾನ್ಯ ನಡವಳಿಕೆಯಂತೆ ನಿನ್ನ ಪ್ರೋಗ್ರಾಮ್ ಅಲ್ಲೇ ಮುಗಿಯುತ್ತದೆ. ಪರದೆಯ ಕಪ್ಪು ಬಿಳಿಯನ್ನು ಕೇಳದೆಯೇ ಬಳಸಲು ಸಂಖ್ಯೆ ಸಿಗುತ್ತದಲ್ಲ, ಅವನ್ನು ಬಿಡಲು ಹೋಗುವುದು ಇಂಥ ತಪ್ಪು. ಸಂಪರ್ಕ ಕಡಿದಾಗ ಸರ್ವರ್ ನಿನ್ನದೆಲ್ಲವನ್ನೂ ತಾನೇ ತೆರವು ಮಾಡುತ್ತದೆ ನಿಜ, ಅದರಿಂದಲೇ ಎರಡು ನಿಮಿಷ ಓಡುವ ಪ್ರೋಗ್ರಾಮಿನಲ್ಲಿ ಸೋರಿಕೆ ಯಾರಿಗೂ ಕಾಣುವುದಿಲ್ಲ. ತಿಂಗಳುಗಟ್ಟಲೆ ನಿಲ್ಲದೆ ಓಡುವ ನಿಯಂತ್ರಣ ಫಲಕದಲ್ಲಿ ಕಾಣುತ್ತದೆ, ಅದೂ ಅತ್ಯಂತ ಕೆಟ್ಟ ಹೊತ್ತಿನಲ್ಲಿ.

ಯಾರು ಪಡೆದರೋ ಅವರೇ ಬಿಡಲಿ ಎಂಬ ಕಟ್ಟುಪಾಡನ್ನು ನಿನ್ನ ಕೋಡಿನಲ್ಲಿ ಕಟ್ಟುನಿಟ್ಟಾಗಿ ಇಟ್ಟುಕೊ. ಜಿಟಿಕೆ 2ರಲ್ಲಿ ವಿಜೆಟ್ ಪರದೆಗೆ ಅಂಟಿಕೊಳ್ಳುವ ರಿಯಲೈಸ್ ಹಂತದಲ್ಲಿ ಪಡೆದು, ಕಳಚಿಕೊಳ್ಳುವ ಅನ್‌ರಿಯಲೈಸ್ ಹಂತದಲ್ಲಿ ಬಿಡುವುದು ಸರಿಯಾದ ಕ್ರಮ. ಚಿತ್ರ ಬಿಡಿಸುವ ಫಂಕ್ಷನ್ನಿನೊಳಗೆ ಎಂದೂ ಬಣ್ಣ ಕೇಳಬೇಡ. ಮೇಲೆ ಮುಚ್ಚಿದ್ದ ಕಿಟಕಿ ಸ್ವಲ್ಪ ಸರಿದರೂ ಅದು ಮತ್ತೆ ಓಡುತ್ತದೆ. ಪ್ರತಿ ಕೇಳಿಕೆಯೂ ಸರ್ವರಿಗೆ ಹೋಗಿ ಉತ್ತರ ಹೊತ್ತು ಬರಬೇಕು, ಅಷ್ಟು ಹೊತ್ತು ನಿನ್ನ ಪ್ರೋಗ್ರಾಮ್ ಕೈಕಟ್ಟಿ ಕಾಯುತ್ತದೆ. ಸರ್ವರ್ ಅದೇ ಮೇಜಿನ ಮೇಲಿದ್ದರೆ ತಿಳಿಯುವುದಿಲ್ಲ. ಪ್ರೋಗ್ರಾಮ್ ಒಂದೂರಿನಲ್ಲಿ, ಪರದೆ ಇನ್ನೊಂದೂರಿನಲ್ಲಿ ಇದ್ದಾಗ ಐವತ್ತು ಬಣ್ಣಕ್ಕೆ ಐವತ್ತು ಪ್ರಯಾಣ. ಒಮ್ಮೆ ಪಡೆ, ಜೋಪಾನವಾಗಿ ಇಟ್ಟುಕೊ, ಬಿಡಿಸುವಾಗ ಸುಮ್ಮನೆ ಬಳಸು.

2011ರಲ್ಲಿ ಬಂದ ಜಿಟಿಕೆ 3 ಕಲರ್‌ಮ್ಯಾಪನ್ನೇ ತೆಗೆದುಹಾಕಿತು. ಚುಕ್ಕೆಗೆ 24 ಬಿಟ್ ಕೊಡುವ ಪರದೆ ಮನೆಮನೆಗೂ ಬಂದಿತ್ತು, 1,67,77,216 ಬಣ್ಣಗಳಿರುವಾಗ ಚುಕ್ಕೆಯೊಳಗಿನ ಅಂಕಿಯೇ ಬಣ್ಣ, ಕೋಷ್ಟಕ ಏಕೆ? ಸೊನ್ನೆಯಿಂದ ಒಂದರವರೆಗಿನ ದಶಮಾಂಶಗಳಲ್ಲಿ ಕೆಂಪು, ಹಸಿರು, ನೀಲಿ ಮತ್ತು ಪಾರದರ್ಶಕತೆ ಇಡುವ ಜಿಡಿಕೆಆರ್‌ಜಿಬಿಎ ಬಂತು. ಹಳೆಯ ಕೋಡ್ ತರುವಾಗ ಪಡೆಯುವ ಬಿಡುವ ಸಾಲುಗಳನ್ನು ಅಳಿಸು, ಧೈರ್ಯವಾಗಿ ಅಳಿಸು. ಆದರೆ ಅಳಿಸುವ ಮುನ್ನ ಎರಡು ವಿಷಯ ಹುಡುಕು. ಪಿಕ್ಸೆಲ್ ಸಂಖ್ಯೆಯನ್ನು 256 ಉದ್ದದ ತನ್ನದೇ ಪಟ್ಟಿಗೆ ಸೂಚ್ಯಂಕವಾಗಿ ಯಾರಾದರೂ ಬಳಸಿದ್ದಾರೆಯೇ? ಹಾಗಿದ್ದರೆ ಆ ಸಂಖ್ಯೆ ಈಗ ಕೋಟಿ ದಾಟಬಹುದು. ಮನೆಯ ಅಂಕಿ ತಿದ್ದಿ ಚಿತ್ರ ಮಿನುಗಿಸುವ ಉಪಾಯ ಎಲ್ಲಾದರೂ ಇದೆಯೇ? ಇದ್ದರೆ ಅದನ್ನು ಪುನಃ ಬಿಡಿಸುವ ಕ್ರಮಕ್ಕೆ ಬದಲಿಸದೆ ಗತಿಯಿಲ್ಲ.

ಕೋಷ್ಟಕ ಹೋಯಿತು, ಲೆಕ್ಕ ಹೋಗಿಲ್ಲ. ವಿಂಡೋಸ್‌ನಲ್ಲಿ ಚಿತ್ರ ಬಿಡಿಸುವ ಭಾಗವಾದ ಜಿಡಿಐನಲ್ಲಿ ಬಣ್ಣ ಬಳಿಯಲು ಬ್ರಷ್, ಗೆರೆ ಎಳೆಯಲು ಪೆನ್ ಸೃಷ್ಟಿಸಿ ಹ್ಯಾಂಡಲ್ ಪಡೆಯಬೇಕು. ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ 10,000 ಹ್ಯಾಂಡಲ್‌ಗಳ ಮಿತಿ ಇವತ್ತಿಗೂ ಇದೆ. ಬಿಡಿಸುವ ಪ್ರತಿ ಸಲ ಒಂದು ಬ್ರಷ್ ಸೃಷ್ಟಿಸಿ ಬಿಡದೆ ಹೋದರೆ ಆ ಮಿತಿ ತಲುಪಲು ಹೆಚ್ಚು ಹೊತ್ತು ಬೇಡ, ತಲುಪಿದ ಮೇಲೆ ಗುಂಡಿಗಳು ಅರ್ಧ ಬಿಡಿಸಿಕೊಂಡು ನಿಲ್ಲುತ್ತವೆ. ಬ್ರಷ್ ಅಥವಾ ಪೆನ್ ಇನ್ನೂ ಬಳಕೆಯಲ್ಲಿ ಆಯ್ಕೆಯಾಗಿರುವಾಗ ಅಳಿಸಲು ಹೋದರೆ ಅಳಿಸುವುದೂ ಇಲ್ಲ. ಎಕ್ಲಿಪ್ಸ್ ಜೊತೆ ಬಂದ ಎಸ್‌ಡಬ್ಲ್ಯುಟಿ ಲೈಬ್ರರಿಯ ಹಳೆಯ ಆವೃತ್ತಿಗಳಲ್ಲಿ, ನೀನು ಸೃಷ್ಟಿಸಿದ ಬಣ್ಣವನ್ನು ನೀನೇ ವಿಲೇವಾರಿ ಮಾಡಬೇಕು, ವ್ಯವಸ್ಥೆಯಿಂದ ಎರವಲು ಪಡೆದದ್ದನ್ನು ಮುಟ್ಟಬಾರದು ಎಂಬುದೇ ನಿಯಮವಾಗಿತ್ತು.

ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರವೂ ಹೋಗಿಲ್ಲ. ಸಣ್ಣ ಉಪಕರಣಗಳ ಪರದೆಗೆ ಕೆಲಸ ಮಾಡುವವರು ನಿಮ್ಮಲ್ಲಿ ಅನೇಕರಿದ್ದೀರಿ. ಅಲ್ಲಿ ಹಲವು ಸಲ ಕೆಂಪಿಗೆ ಐದು, ಹಸಿರಿಗೆ ಆರು, ನೀಲಿಗೆ ಐದು ಬಿಟ್, ಒಟ್ಟು 65,536 ಬಣ್ಣ. ವಿನ್ಯಾಸಕಾರ ತನ್ನ ದೊಡ್ಡ ಪರದೆಯಲ್ಲಿ ನಯವಾಗಿ ಇಳಿಸಿದ ಬಣ್ಣ ಇಲ್ಲಿ ಪಟ್ಟೆಪಟ್ಟೆಯಾಗುತ್ತದೆ. ಬೂದು ಎಂದು ಕೇಳಿದ್ದು ಹಸಿರಿನ ಕಡೆಗೋ ನೇರಳೆಯ ಕಡೆಗೋ ವಾಲುತ್ತದೆ, ಹಸಿರಿಗೆ ಒಂದು ಬಿಟ್ ಹೆಚ್ಚಿರುವುದರಿಂದ ಮೂರೂ ಬಣ್ಣ ಸಮನಾಗಿ ಇಳಿಯುವುದಿಲ್ಲ. ನಿನ್ನ ಮೇಜಿನ ಪರದೆಯಲ್ಲಿ ಇದಾವುದೂ ಕಾಣುವುದಿಲ್ಲ. ಉಪಕರಣವನ್ನೇ ಕೈಗೆತ್ತಿಕೊಂಡು ನೋಡದೆ ಬಣ್ಣ ಸರಿಯಿದೆ ಎಂದು ಯಾರಿಗೂ ಮಾತು ಕೊಡಬೇಡ.

ಬಣ್ಣ ಆರಿಸುವ ಹಕ್ಕು ಯಾರದು ಎಂಬುದನ್ನೂ ಮರೆಯಬೇಡ. ಬಳಸುವವನು ಕಪ್ಪು ಹಿನ್ನೆಲೆ ಇಟ್ಟುಕೊಂಡಿದ್ದಾನೆ, ನಿನ್ನ ಕೋಡ್ ಹಿನ್ನೆಲೆಯನ್ನು ಥೀಮಿನಿಂದ ಪಡೆದು ಅಕ್ಷರಕ್ಕೆ ಮಾತ್ರ ಕಪ್ಪೆಂದು ಕಟ್ಟಿಹಾಕಿದೆ. ಕಪ್ಪಿನ ಮೇಲೆ ಕಪ್ಪು. ಥೀಮನ್ನು ಹೆಸರಿನಿಂದ ಕೇಳು, ಎರಡನ್ನೂ ಕೇಳು ಅಥವಾ ಎರಡನ್ನೂ ನೀನೇ ಇಡು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕೆಂದು ಜಾಲದ ಸುಲಭಬಳಕೆಯ ಮಾರ್ಗಸೂಚಿ ಹೇಳುತ್ತದೆ. ವಯಸ್ಸಾದ ಕಣ್ಣಿನವರ ಪರವಾಗಿ ನಾನೂ ಅದನ್ನೇ ಕೇಳಿಕೊಳ್ಳುತ್ತೇನೆ.

24 ಬಿಟ್ ಪರದೆಯಲ್ಲಿ ಎಕ್ಸ್‌ಅಲಾಕ್‌ಕಲರ್ ಸೋಲುವುದೇ ಇಲ್ಲ, ಬಿಡುವುದನ್ನು ಮರೆತರೂ ಏನೂ ಆಗುವುದಿಲ್ಲ. ಒಳ್ಳೆಯ ಯಂತ್ರದ ಮೇಲೆ ಕೂತು ಬರೆದವರ ಕೋಡಿನಲ್ಲಿ ದೋಷ ಅಡಗಿ ಉಳಿದದ್ದು ಇದರಿಂದಲೇ. ನಿನ್ನ ಲಿನಕ್ಸ್ ಯಂತ್ರದಲ್ಲಿ ಎಕ್ಸ್‌ವಿಎಫ್‌ಬಿ ಎಂಬ ಪ್ರೋಗ್ರಾಮ್ ಹಾಕಿಕೊಳ್ಳಬಹುದು. ಮೆಮೊರಿಯಲ್ಲೇ ಒಂದು ಸುಳ್ಳು ಪರದೆ ಕಟ್ಟಿಕೊಡುತ್ತದೆ, ಅದಕ್ಕೆ 8 ಬಿಟ್ ಆಳ ಹೇಳಬಹುದು. ಪರದೆಯ ವಿವರ ಹೇಳುವ ಎಕ್ಸ್‌ಡಿಪಿವೈಇನ್ಫೊ ಓಡಿಸಿ ಅಲ್ಲಿ ಸೂಡೊಕಲರ್, ಅಂದರೆ ಕೋಷ್ಟಕದಿಂದ ಬಣ್ಣ ಪಡೆಯುವ ಬಗೆ, ಎಂದು ಬಂದಿದೆಯೇ ನೋಡು. ನಿನ್ನ ಕೈಗೆ ಬಂದ ಹಳೆಯ ಪ್ರೋಗ್ರಾಮನ್ನು ಹೊಸದಕ್ಕೆ ತರುವ ಮೊದಲು ಒಂದು ಸಂಜೆ ಅದರೊಳಗೆ ಓಡಿಸು, ಪರದೆಯ ಚಿತ್ರ ತೆಗೆದು ನೋಡು, 256 ಮನೆಗಳಲ್ಲಿ ಅದು ಹೇಗೆ ಬದುಕುತ್ತದೆ, ಎಲ್ಲಿ ಸೋಲುತ್ತದೆ ಗಮನಿಸು. ಆಮೇಲೆ ಅಳಿಸಲು ಕೂರು.